ಜಾಲಿಮೀನಿನ ಕೂಸು

ಬಿಸಿಲಿನಲ್ಲಿ ಸ್ಪಿರಿಟ್ಟಿನ ಬೆಂಕಿ ಕಣ್ಣಿಗೆ ಬೀಳುವುದಿಲ್ಲ. ಕತ್ತಲೆಯಲ್ಲಾದರೆ ನೀಲಿಯಾಗಿ ಕಾಣುತ್ತದೆ, ಬೆಳಕಿನಲ್ಲಿ ಅದೂ ಇಲ್ಲ. ಧಾರವಾಡದ ಕಾಲೇಜಿನಲ್ಲಿ ಸ್ಪಿರಿಟ್ ದೀಪ ಆರಿಸಿದ ಮೇಲೆ ಅಂಗೈಯನ್ನು ಮೇಲಿನಿಂದ ಆಡಿಸಿ, ಬಿಸಿ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಏಳಬೇಕೆಂದು ನಮಗೆ ರೂಢಿ ಮಾಡಿಸಿದ್ದರು. ಆ ರೂಢಿ ಇಂದಿಗೂ ಹೋಗಿಲ್ಲ. ಮಧ್ಯಾಹ್ನದ ಹೊತ್ತು ಯಾರ ಮನೆಯಲ್ಲಾದರೂ ಆರತಿ ನಡೆದರೆ ನನ್ನ ಕಣ್ಣು ದೀಪದ ಮೇಲೆ ಇರುವುದಿಲ್ಲ, ದೀಪದ ಸುತ್ತಲಿನ ಗಾಳಿಯ ಮೇಲೆ ಇರುತ್ತದೆ. ಅಲ್ಲಿ ಗಾಳಿ ನಡುಗುತ್ತಿದೆಯೋ ಇಲ್ಲವೋ ನೋಡುತ್ತೇನೆ.

ಕರ್ನಾಟಕ ಒಂದಾದ ವರ್ಷದ ಮಾತು. ನಾನು ಗದಗಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆಯಲ್ಲಿ ಅವ್ವ, ಅಣ್ಣ, ಅಣ್ಣನ ಹೆಂಡತಿ ಮತ್ತು ನಾನು. ಅಣ್ಣನಿಗೆ ಬೆಟಗೇರಿಯಲ್ಲಿ ನೂಲಿನ ಅಂಗಡಿ ಇತ್ತು. ಅಣ್ಣನ ಹೆಂಡತಿಯನ್ನು ನಾನು ವೈನಿ ಎಂದೇ ಕರೆಯುತ್ತಿದ್ದೆ. ವಯಸ್ಸಿನಲ್ಲಿ ಅವಳು ನನಗಿಂತ ಚಿಕ್ಕವಳು. ನಾನು ಶಾಲೆಗೆ ಹೊರಟಾಗಲೆಲ್ಲ "ಬಾಯಾರ, ಇವತ್ತ ಯಾರಿಗೆ ಬಡಿಗಿ?" ಎಂದು ಕೇಳುವುದು ಅವಳ ಚಾಳಿ. ನಮ್ಮ ಕಡೆ ಮಾಸ್ತರಿಣಿಯರನ್ನು ಬಾಯಾರ ಅನ್ನುತ್ತಾರೆ. ಅವಳ ಬಾಯಲ್ಲಿ ಅದು ಅರ್ಧ ಗೌರವ, ಅರ್ಧ ಕೀಟಲೆ. ಅವಳಿಗೆ ಮೊದಲ ಎರಡು ಬಸಿರು ಐದು ತಿಂಗಳು ದಾಟಿರಲಿಲ್ಲ. ಇದು ಮೂರನೆಯದು. ಈ ಸಲ ಐದು ದಾಟಿತು, ಆರು ದಾಟಿತು. ನಮ್ಮ ಮನೆಯಲ್ಲಿ ಯಾರೂ ಜೋರಾಗಿ ನಗುತ್ತಲೂ ಇರಲಿಲ್ಲ, ಜೋರಾಗಿ ಬಯ್ಯುತ್ತಲೂ ಇರಲಿಲ್ಲ. ತುಂಬಿದ ಕೊಡವನ್ನು ತಲೆಯ ಮೇಲೆ ಹೊತ್ತವಳ ಹಾಗೆ ಇಡೀ ಮನೆ ನಡೆಯುತ್ತಿತ್ತು.

ಊರಿನ ಸಂಭ್ರಮ ಬೇರೆಯೇ ಇತ್ತು. ಗದಗ ಮೊದಲಿನಿಂದ ಮುಂಬೈ ಪ್ರಾಂತದ್ದು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜದ್ದು. ಮುಂಡರಗಿ ದಾಟಿ ಮೂಡಣಕ್ಕೆ ಹೋದರೆ ನಿಜಾಮನ ಸೀಮೆ. ನಮ್ಮ ಶಾಲೆಯ ಸಿಪಾಯಿ ಶಿರಹಟ್ಟಿಯವನು. "ನಾ ಹುಟ್ಟಿದ್ದು ಸಾಂಗಲಿ ರಾಜಾನ ಊರಾಗ, ಮಕ್ಕಳಾಗಿದ್ದು ಮುಂಬೈ ಸರಕಾರದಾಗ, ಈಗ ಮುದುಕ ಆಗೂದು ಮೈಸೂರ ಸರಕಾರದಾಗ. ಮನಿ ಮಾತ್ರ ಅದನ ಐತಿ ನೋಡ್ರಿ, ಬಾಗಲಾ ಸೈತ ಬದಲಾಗಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಆ ದೀಪಾವಳಿಯ ರಜೆಯಲ್ಲಿ ನನ್ನ ಕಾಲೇಜಿನ ಗೆಳತಿ ಮಂಗಳೂರಿನಿಂದ ಬಂದಳು. ಅವಳ ಊರು ಅಲ್ಲಿಯವರೆಗೆ ಮದ್ರಾಸಿನದಾಗಿತ್ತು. ಎರಡು ಹಗಲು ಬಸ್ಸಿನಲ್ಲಿ ಕೂತು, ತೊಡೆಯ ಮೇಲೆ ಬಿದಿರಿನ ಬುಟ್ಟಿ ಇಟ್ಟುಕೊಂಡು ಬಂದಿದ್ದಳು. ಬುಟ್ಟಿಯಲ್ಲಿ ಹುಲ್ಲು, ಹುಲ್ಲಿನ ನಡುವೆ ಗೋಣಿ, ಗೋಣಿಯೊಳಗೆ ಎತ್ತರದ ಗಾಜಿನ ಭರಣಿ.

"ಇನ್ನು ನೀವು ನಮಗೆ ಸಮುದ್ರವೇ ಇಲ್ಲ ಅಂತ ಅಳುವ ಹಾಗಿಲ್ಲ, ಮಾರಾಯ್ತಿ. ನಮ್ಮದೆಲ್ಲ ನಿಮ್ಮದೇ. ತಕೋ, ನಿನ್ನ ಪಾಲು!" ಎಂದಳು.

ಭರಣಿಯೊಳಗೆ, ಸ್ಪಿರಿಟ್ಟಿನಲ್ಲಿ, ಒಂದೂವರೆ ಗೇಣಿನ ಶಾರ್ಕಿನ ಮರಿ ತಲೆ ಮೇಲಾಗಿ ನಿಂತಿತ್ತು. ಹುಟ್ಟಿದ ಮರಿಯಲ್ಲ, ತಾಯಿಯ ಹೊಟ್ಟೆಯಿಂದ ತೆಗೆದದ್ದು. ಚಪ್ಪಟೆ ಮೂತಿ, ಅಗಲವಾದ ಕಣ್ಣು. ಬೆನ್ನಿನ ಎರಡೂ ಈಜುರೆಕ್ಕೆಗಳು ಬೆನ್ನಿನ ನಡುವೆ ಇರದೆ ಬಾಲದ ಹತ್ತಿರ ಸರಿದಿದ್ದವು. ಯಾರೋ ಅವಸರದಲ್ಲಿ ಜಾಗ ತಪ್ಪಿ ಹೊಲಿದ ಹಾಗೆ. ಹೊಟ್ಟೆಯ ಕೆಳಗೆ ಒಂದು ಕೊಳವೆ, ಅದರ ತುದಿಗೆ ಹಳದಿ ಚೀಲ. ಮೈಮೇಲೆ ನುಚ್ಚು ಚೆಲ್ಲಿದ ಹಾಗೆ ಸಣ್ಣ ಸಣ್ಣ ಗುಳ್ಳೆ. ಆ ಗುಳ್ಳೆಗಳೇ ಬೆಳೆದು ಮುಂದೆ ಏನಾಗುತ್ತವೆಂದು ತೋರಿಸಲು ಗೆಳತಿ ತಾಯಿಯ ಒಣಗಿದ ಚರ್ಮದ ತುಂಡನ್ನೂ ತಂದಿದ್ದಳು. ಅದರ ತುಂಬ ಮುಳ್ಳು. ದುಂಡನೆಯ ಬುಡ, ಮೇಲೆ ಚೂಪಾದ ಕೊಕ್ಕೆ. ಜಾಲಿಯ ಟೊಂಗೆಯನ್ನು ಚಪ್ಪಟೆ ಬಡಿದು ಚರ್ಮ ಮಾಡಿದಂತಿತ್ತು.

ಈ ಜಾತಿಯ ಶಾರ್ಕು ಬೆಳಕು ತಲುಪದ ಆಳದಲ್ಲಿ, ಕಡಲ ತಳಕ್ಕೆ ಹತ್ತಿಕೊಂಡು ನಿಧಾನವಾಗಿ ಓಡಾಡಿಕೊಂಡಿರುತ್ತದಂತೆ. ಜೀವಮಾನವೆಲ್ಲ ಕಡಲ ಮೇಲೆ ಕಳೆದ ಮೀನುಗಾರರೇ ಅದನ್ನು ಕಂಡದ್ದು ಕಡಿಮೆ. ಅದು ಎಷ್ಟು ವರ್ಷ ಬದುಕುತ್ತದೆ, ಎಲ್ಲಿ ಮರಿ ಹಾಕುತ್ತದೆ ಎಂದು ಕೇಳಿದರೆ ನಮ್ಮ ಪುಸ್ತಕಗಳು ಸುಮ್ಮನಿರುತ್ತಿದ್ದವು. ಆಳಕ್ಕೆ ಇಳಿಬಿಟ್ಟ ಗಾಳವನ್ನು ಇದರ ತಾಯಿ ಕಚ್ಚಿಕೊಂಡು ಬಂದಿತ್ತು. ಗಂಡಸೊಬ್ಬ ಕೈ ಚಾಚಿ ಮಲಗಿದರೂ ಅದರ ಉದ್ದ ಮುಟ್ಟುತ್ತಿರಲಿಲ್ಲವಂತೆ. ಮೀನುಗಾರರು ಎಣ್ಣೆಗೆಂದು ಅದರ ಪಿತ್ತಜನಕಾಂಗ ತೆಗೆಯಲು ಹೊಟ್ಟೆ ಸೀಳಿದಾಗ ಒಳಗೆ ಮರಿಗಳು. "ಕೈಬೆರಳು, ಕಾಲ್ಬೆರಳು ಎರಡೂ ಮುಗಿದರೂ ಮರಿ ಮುಗಿಯಲಿಲ್ಲ ಮಾರಾಯ್ತಿ" ಎಂದಳು ಗೆಳತಿ.

ನಮ್ಮದು ಮೀನು ಮುಟ್ಟದ ಮನೆ. ಅವ್ವ ಭರಣಿಯನ್ನು ದೂರದಿಂದ ನೋಡಿ, "ಒಳಗ ತರಬ್ಯಾಡ, ಪಡಸಾಲ್ಯಾಗ ಇರಲಿ" ಎಂದಳು. ಆದರೆ ವೈನಿ ಚರ್ಮದ ತುಂಡನ್ನು ಕೈಯಲ್ಲಿ ಹಿಡಿದು, "ಇದು ಜಾಲಿಮೀನ ನೋಡ್ರಿ" ಎಂದಳು. ಅದಕ್ಕೆ ಕನ್ನಡದಲ್ಲಿ ಹೆಸರಿರಲಿಲ್ಲ. ಆ ದಿನದಿಂದ ನಮ್ಮ ಶಾಲೆಯ ಹುಡುಗಿಯರ ಬಾಯಲ್ಲಿ ಅದೇ ಹೆಸರಾಯಿತು.

ನಾಡು ಒಂದಾದ ಹಬ್ಬಕ್ಕೆಂದು ನಮ್ಮ ಶಾಲೆಯಲ್ಲಿ ಇಟ್ಟ ಪ್ರದರ್ಶನದಲ್ಲಿ ಜಾಲಿಮೀನಿನ ಕೂಸನ್ನು ನೋಡಲು ಹುಲಕೋಟಿ, ಹೊಂಬಳಗಳಿಂದೆಲ್ಲ ಜನ ಬಂದರು. ಆಮೇಲೆ ಬೇರೆ ಊರಿನ ಶಾಲೆಗಳು ಕೇಳತೊಡಗಿದವು. ಆಗ ನಮ್ಮ ಭಾಗದಲ್ಲಿ ಪಾನನಿಷೇಧ. ಲಕ್ಷ್ಮೇಶ್ವರದಲ್ಲಿ ಒಬ್ಬ ಮುದುಕ ಭರಣಿಗೆ ಮೂಗು ಹಚ್ಚಿ ನೋಡಿ, "ಮನಷಾಗ ತೊಟ್ಟ ಸೆರಿ ಸಿಗವಲ್ದು, ಈ ಮೀನಾ ಕುತಗೀತನಕ ಮುಳಗಿ ಕುಂತೈತಿ. ಪುಣ್ಯಾ ಮಾಡೇತಿ ಬಿಡ್ರಿ" ಎಂದ. ಶಿರಹಟ್ಟಿಯಲ್ಲಿ, ಇದು ನಿಜವಾಗಿ ಸತ್ತಿದೆಯೋ ಅಮಲಿನಲ್ಲಿ ಮಲಗಿದೆಯೋ ಎಂದು ಇಬ್ಬರ ನಡುವೆ ಪಂತ ಬಿತ್ತು. ಸಂತೋಷದ ದಿನಗಳವು. ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗುವಾಗ ಕಡಲನ್ನೇ ಕರೆದುಕೊಂಡು ಊರೂರು ತಿರುಗುತ್ತಿರುವೆನೆಂದು ನನಗೆ ಅನಿಸುತ್ತಿತ್ತು.

ಏಳನೆಯ ತಿಂಗಳಲ್ಲಿ ವೈನಿಯ ಕುಬಸ ನಿಶ್ಚಯವಾಯಿತು. ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಅಕ್ಕಿ ಕೊಬ್ಬರಿಯಿಂದ ಉಡಿ ತುಂಬಿ, ನಾಲಗೆ ಬಯಸಿದ್ದನ್ನೆಲ್ಲ ಮಾಡಿ ಉಣಿಸುವ ದಿನ ಅದು. ವೈನಿಯ ತವರು ಮುಂಡರಗಿ. ತಾಯಿ ಇಲ್ಲದ ಅವಳನ್ನು ಸಾಕಿದ್ದು ಅಜ್ಜಿ. ಎಲ್ಲರೂ ಆಯಿ ಎನ್ನುತ್ತಿದ್ದರು. ಮುಂಡರಗಿಯ ಶಾಲೆಯವರೂ ಜಾಲಿಮೀನನ್ನು ಕೇಳಿದ್ದರು. ಹೀಗಾಗಿ ಒಂದೇ ಬಸ್ಸಿನಲ್ಲಿ ವೈನಿ, ನಾನು, ಭರಣಿ ಮೂವರೂ ಹೊರಟೆವು. ಡಂಬಳ ದಾಟಿದ ಮೇಲೆ ರಸ್ತೆ ತೀರ ಕೆಟ್ಟಿತ್ತು. ನಾನು ಒಂದು ಕೈ ವೈನಿಯ ಬೆನ್ನಿಗೆ, ಒಂದು ಕೈ ಭರಣಿಗೆ ಕೊಟ್ಟು ಕೂತೆ. "ಎರಡ ಬಸುರಿನ ಗಾಡಿ, ಮೆಲ್ಲಕ ಹೊಡಿಯಪಾ" ಎಂದು ವೈನಿ ಡ್ರೈವರನಿಗೆ ಕೂಗಿ ಹೇಳಿದಳು. ಆ ಕುಲುಕಾಟದಲ್ಲಿ ಭರಣಿಯ ಮುಚ್ಚಳಕ್ಕೆ ಹಚ್ಚಿದ್ದ ಮೇಣ ಸಣ್ಣಗೆ ಸೀಳಿ, ಭರಣಿ ಓರೆಯಾದಾಗಲೆಲ್ಲ ಸ್ಪಿರಿಟ್ಟು ಜಿನುಗುತ್ತಿತ್ತೆಂದು ತಿಳಿದದ್ದು ಆಮೇಲೆ.

ಮರುದಿನ ಭಾನುವಾರ, ಶಾಲೆಗೆ ರಜೆ. ಭರಣಿ ತವರುಮನೆಯ ಪಡಸಾಲೆಯ ಮೂಲೆಯಲ್ಲಿ ಇತ್ತು. ಕುಬಸಕ್ಕೆ ಬಂದ ಹೆಂಗಸರೆಲ್ಲ ಅದರ ಮುಂದೆ ಕೂತು ನೋಡುವವರೇ. ಆಯಿಯೂ ಬಂದು ಕೂತಳು. ಬಹಳ ಹೊತ್ತು ಆ ಕೊಳವೆ, ಆ ಚೀಲ ನೋಡಿದಳು.

"ಇದರ ಅವ್ವ ಎಲ್ಲೈತಿ?"

"ಸತ್ತೈತ್ರೀ ಆಯಿ. ಗಾಳಕ್ಕ ಸಿಕ್ಕಿತ್ತು."

"ಇದು ಹೊಟ್ಟ್ಯಾಗ ಇದ್ದಾಗನ?"

"ಹೂಂನ್ರಿ."

"ಅಂದಮ್ಯಾಲ ಅಕಿಗೆ ಕುಬಸ ಆಗಿರಂಗಿಲ್ಲ."

ನಾನು ನಕ್ಕೆ. "ಮೀನಕ್ಕ ಎಲ್ಲಿ ಕುಬಸರೀ ಆಯಿ?"

"ಮೀನರ ಆಗಲಿ, ಎಮ್ಮಿಯರ ಆಗಲಿ, ಬಸುರಿ ಬಸುರಿನ. ಬಯಕಿ ತೀರದ ಹೋದಾಕಿ ಕೂಸು ಮನಿಗೆ ಬಂದು ಕುಂತೈತಿ. ಇವತ್ತ ಈ ಮನ್ಯಾಗ ನನ್ನ ಮೊಮ್ಮಗಳಿಗೆ ಉಡಿ ತುಂಬಿ ಅದನ್ನ ಹಂಗ ಬಿಟ್ರ ಆ ತಾಯಿ ಜೀವ ನೋಯ್ತೈತಿ. ಮೊದಲ ಎರಡ ಹೋಗ್ಯಾವು ನಮ್ಮವು. ಯಾರ ನಿಟ್ಟುಸುರೂ ಬ್ಯಾಡ ಈ ಸಲ."

ವೈನಿಯ ಚಿಗವ್ವ, ಅಂದರೆ ತಾಯಿಯ ತಂಗಿ, ಬಾಯಿ ಹರಿತವಾದ ಹೆಂಗಸು. "ಹಂಗಾರ ಮೀನಕ್ಕ ಸೀರಿ ಎಷ್ಟ ಮಳದ್ದು ತರೂಣಬೇ?" ಎಂದಳು. ಎಲ್ಲರೂ ನಕ್ಕರು, ಆಯಿಯೂ ನಕ್ಕಳು. ಆದರೆ ಆಯಿಯ ಮಾತೇ ನಡೆಯಿತು, ಮೀನಿನ ಕೂಸಿಗೂ ಉಡಿ ತುಂಬುವುದೆಂದಾಯಿತು.

ನನಗೂ ಅದು ಇಷ್ಟವಾಯಿತು, ಸುಳ್ಳೇಕೆ ಹೇಳಲಿ. ಕಡಲ ತಳದಲ್ಲಿ ಯಾರ ಕಣ್ಣಿಗೂ ಬೀಳದೆ ಬದುಕಿದ ಒಂದು ಪ್ರಾಣಿಯ ಬಯಕೆಯನ್ನು, ಕಡಲನ್ನೇ ಕಾಣದ ಮುದುಕಿಯೊಬ್ಬಳು ಮುಂಡರಗಿಯಲ್ಲಿ ಕೂತು ಯೋಚಿಸಿದ್ದಳು. ಆಯಿ ನನ್ನನ್ನು ಅಡುಗೆಮನೆಗೆ ಕರೆದು ಎಣ್ಣೆಗಾಯಿಯ ಉಪ್ಪು ನೋಡಲು ಹೇಳಿದಳು. ಅಲ್ಲಿ ಹೋಳಿಗೆ, ಸಜ್ಜೆ ರೊಟ್ಟಿ, ಕರಿಗಡುಬು ಎಲ್ಲದರ ರುಚಿ ನೋಡುವುದೇ ನನ್ನ ಕೆಲಸವಾಯಿತು. ಹೊರಗೆ ಹಾಡು ಶುರುವಾದದ್ದು ಕೇಳಿ ಎದ್ದು ಬಂದೆ.

ಪಡಸಾಲೆಯ ಮಾಳಿಗೆಯಲ್ಲಿ ದೊಡ್ಡ ಬೆಳಕಿಂಡಿ. ನಡುಹಗಲಿನ ಬಿಸಿಲು ಅದರಿಂದ ನೇರವಾಗಿ ಕಂಬದಂತೆ ಕೆಳಗೆ ಇಳಿದಿತ್ತು. ಆ ಬಿಸಿಲಿನಲ್ಲೇ ಕರಿ ಕಂಬಳಿ ಹಾಸಿ ವೈನಿಯನ್ನು ಕೂಡಿಸಿದ್ದರು. ಹಸಿರು ಸೀರೆ, ಮುಡಿ ತುಂಬ ಮಲ್ಲಿಗೆ. ಅವಳ ಮಗ್ಗುಲಲ್ಲಿ ಮಣೆ, ಮಣೆಯ ಮೇಲೆ ಹೊಸ ಕುಪ್ಪಸದ ಖಣ, ಖಣದ ಮೇಲೆ ಭರಣಿ. ಭರಣಿಯ ಮುಂದೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಒಂದು ಹೋಳಿಗೆ. ಲೋಬಾನದ ಹೊಗೆಯಲ್ಲಿ ಬೇರೆ ಯಾವ ವಾಸನೆಯೂ ಮೂಗಿಗೆ ಬರುವ ಹಾಗಿರಲಿಲ್ಲ. ಚಿಗವ್ವ ವೈನಿಗೆ ಆರತಿ ಮಾಡಿ, ಭರಣಿಗೂ ಬೆಳಗಿ, ತಟ್ಟೆಯನ್ನು ಹಿಂದೆಗೆಯುತ್ತಿದ್ದಳು. ತುಪ್ಪದ ಬತ್ತಿಯಿಂದ ಒಂದು ಹನಿ ಉರಿಯುತ್ತ ಖಣದ ಮೇಲೆ ಬಿತ್ತು. ಚಿಗವ್ವ ಬೆರಳಿನಿಂದ ಒರೆಸಿ ಬಿಟ್ಟಳು. ಹಾಡು ನಿಲ್ಲಲಿಲ್ಲ.

ನಾನು ಹೊಸ್ತಿಲ ಮೇಲೆ ನಿಂತಿದ್ದೆ. ಖಣದ ಅಂಚು ತಾನಾಗಿ ಕಪ್ಪಾಗುತ್ತಿತ್ತು. ಯಾರೋ ಕಾಣದ ಕೈಯಿಂದ ಅದಕ್ಕೆ ಕಾಡಿಗೆ ಎಳೆಯುತ್ತಿದ್ದ ಹಾಗೆ. ಎಲೆ ಅಡಿಕೆಯ ಎಲೆ ಮುದುಡಿತು. ಮಣೆಯ ಮೇಲಿನ ಗಾಳಿ, ಬೇಸಿಗೆಯಲ್ಲಿ ಎರೆಹೊಲದ ಮೇಲೆ ನಡುಗುವ ಹಾಗೆ ನಡುಗುತ್ತಿತ್ತು. ಬೆಂಕಿ ಮಾತ್ರ ಎಲ್ಲೂ ಕಾಣಲಿಲ್ಲ. ವೈನಿಯ ಸೆರಗು ಖಣದ ಮೇಲೆ ಬಿದ್ದಿತ್ತು.

"ಬೆಂಕಿ!" ಎಂದು ಚೀರಿದೆ.

ಹೆಂಗಸರೆಲ್ಲ ಅಡುಗೆಮನೆಯ ಕಡೆ ತಿರುಗಿದರು. ಬೆಂಕಿ ಅಂದರೆ ಅದು ಒಲೆಯ ಕಡೆಯೇ ಇರಬೇಕಲ್ಲ. "ಎಲ್ಲೈತಿ?" "ಹೊಗಿ ಸೈತ ಇಲ್ಲಲ್ಲ!" "ಬಾಯಾರಿಗೆ ಏನಾತು?" ಚಿಗವ್ವ ಆರತಿಯ ತಟ್ಟೆಯನ್ನು ನನ್ನ ಕಡೆ ಎತ್ತಿ ತೋರಿಸಿ, "ಇದನ್ನ ನೋಡಿ ಹೆದರಿದ್ರೇನು?" ಎಂದು ನಕ್ಕಳು. ಕಾಣದ ಬೆಂಕಿಯನ್ನು ಹೇಗೆ ತೋರಿಸಬೇಕು? ಭರಣಿಯ ಗಾಜು ಬಿಸಿಗೆ ಸೀಳಿದರೆ ಅದರಲ್ಲಿರುವುದೆಲ್ಲ ಆ ಕಂಬಳಿಯ ಮೇಲೆ, ಆ ಮಡಿಲ ಮೇಲೆ ಹರಿಯುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಕಾಲು ಹೊಸ್ತಿಲಿಗೆ ಬೇರು ಬಿಟ್ಟಿತ್ತು.

ವೈನಿ ಅಡುಗೆಮನೆಯ ಕಡೆ ನೋಡಲಿಲ್ಲ, ಮಣೆಯ ಕಡೆಯೂ ನೋಡಲಿಲ್ಲ. ನನ್ನನ್ನು ನೋಡಿದಳು. ನನ್ನ ಕಣ್ಣು ಎಲ್ಲಿ ನಟ್ಟಿತ್ತೋ ಆ ದಿಕ್ಕನ್ನು ಹಿಡಿದು, ಒಂದು ಕೈಯಿಂದ ಸೆರಗನ್ನು ಖಣದ ಮೇಲಿಂದ ಜಾಡಿಸಿ ಎಳೆದು, ನೆಲಕ್ಕೆ ಅಂಗೈ ಊರಿ ಎದ್ದಳು. ಏಳು ತಿಂಗಳ ಬಸುರಿ, ಇಷ್ಟು ದಿನ ಇಬ್ಬರು ಹಿಡಿದೆತ್ತದೆ ಏಳದವಳು. ಎದ್ದವಳೇ ಕಾಲ ಕೆಳಗಿನ ಕಂಬಳಿಯನ್ನು ಎಳೆದು ಮಣೆ, ಭರಣಿ, ಅಕ್ಕಿ, ಹೋಳಿಗೆ ಎಲ್ಲದರ ಮೇಲೆ ಮುಸುಕು ಹಾಕಿದ ಹಾಗೆ ಹೊದಿಸಿ ಬಿಟ್ಟಳು. ಸುಟ್ಟ ಉಣ್ಣೆಯ ವಾಸನೆ ಎದ್ದಿತು. ಆಗ ಎಲ್ಲರಿಗೂ ಅರ್ಥವಾಯಿತು. ಆಗ ಎಲ್ಲರೂ ಚೀರಿದರು. ಆಯಿ ನೀರಿನ ಕೊಡ ಎತ್ತಿಕೊಂಡು ಬಂದಳು. ಕಾದ ಗಾಜಿಗೆ ತಣ್ಣೀರು ಬಿದ್ದರೆ! ಆಗ ಮಾತ್ರ ನನ್ನ ಕಾಲು ಓಡಿತು. ಆ ಕೊಡಕ್ಕೆ ಹೋಗಿ ಜೋತುಬಿದ್ದೆ. ನೀರೆಲ್ಲ ನಮ್ಮಿಬ್ಬರ ಮೇಲೆ ಚೆಲ್ಲಿತು.

ಕಂಬಳಿ ಎತ್ತುವ ಹೊತ್ತಿಗೆ ಎಲ್ಲ ಆರಿತ್ತು. ಖಣ ಬೂದಿಯಾಗಿತ್ತು. ವೈನಿಯ ಸೆರಗಿನಲ್ಲಿ ಅಂಗೈ ಅಗಲದ ತೂತು. ಮುಂಗೈಯ ಕೂದಲು ಸುಟ್ಟು, ಚರ್ಮ ಸ್ವಲ್ಪ ಕೆಂಪಾಗಿತ್ತು, ಅಷ್ಟೇ. ಮಸಿ ಹಿಡಿದ ಭರಣಿ ಹಾಗೆಯೇ ನಿಂತಿತ್ತು, ಒಳಗೆ ಕೂಸೂ ಹಾಗೆಯೇ.

"ಸೆರಿ ಕುಡಿಯೂ ಮೀನ ಮನ್ಯಾಗ ತಂದ್ರ ಮತ್ತೇನ ಆಕ್ಕೈತಿ!" ಎಂದಳು ಚಿಗವ್ವ. ಅವಳ ಕೈಯಲ್ಲಿ ಆರತಿಯ ತಟ್ಟೆ ಇನ್ನೂ ಉರಿಯುತ್ತಲೇ ಇತ್ತು. ಆಯಿ ಅದನ್ನು ಊದಿ ಆರಿಸಿದಳು.

"ನಿಂಗ ಬೆಂಕಿ ಕಂಡಿತ್ತೇನ?" ಎಂದು ವೈನಿಯನ್ನು ಕೇಳಿದೆ.

"ಎಲ್ಲಿ ಬೆಂಕಿ? ನನಗ ನಿಮ್ಮ ಮಾರಿ ಕಂಡಿತು, ಸಾಕಾತು" ಎಂದಳು. ಹೇಳಿ ನಗಲು ಹೋದವಳು ನಗಲಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಿವಿಗೊಟ್ಟು ಕೇಳುವವಳ ಹಾಗೆ ನಿಂತಳು. "ಆಯಿ, ಕೂಸು ಮಿಸುಕವಲ್ದು."

ಬೆಳಿಗ್ಗೆಯಿಂದ ಅದು ಒದೆಯುತ್ತಲೇ ಇತ್ತು. ಬಂದವರಿಗೆಲ್ಲ ಕೈ ಹಿಡಿದು ತೋರಿಸಿದ್ದಳು. ಈಗ ಏನೂ ಇಲ್ಲ. ಆಯಿ ಅವಳನ್ನು ಒಳಗೆ ಮಲಗಿಸಿ, ಬೆಲ್ಲದ ನೀರು ಕುಡಿಸಿದಳು. ಹೊಟ್ಟೆಗೆ ಕಿವಿ ಹಚ್ಚಿದಳು, ಜಾಗ ಬದಲಿಸಿ ಮತ್ತೊಮ್ಮೆ ಹಚ್ಚಿದಳು. ಪಡಸಾಲೆಯಲ್ಲಿ ಎಲೆ ಹಾಕಿದ್ದರು, ಯಾರೂ ಊಟಕ್ಕೆ ಕೂಡಲಿಲ್ಲ. ಚಿಗವ್ವ ಗೋಡೆಗೆ ಆತು ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಆ ಹೊತ್ತು ಎಷ್ಟಿತ್ತೋ ತಿಳಿಯದು. ಇಂದಿಗೂ ನನ್ನೊಳಗೆ ಮುಗಿಯದೆ ಉಳಿದಿರುವುದು ಅದೇ. ಸೆರಗು ಇನ್ನಷ್ಟು ಉದ್ದಕ್ಕೆ ಬಿದ್ದಿದ್ದರೆ, ಎಣ್ಣೆಗಾಯಿಗೆ ಇನ್ನೊಂದು ಚಿಟಿಕೆ ಉಪ್ಪು ಬೇಕೆಂದು ನಾನು ಒಳಗೇ ನಿಂತಿದ್ದರೆ, ಅವಳು ಎಲ್ಲರ ಹಾಗೆ ಒಲೆಯ ಕಡೆ ತಿರುಗಿದ್ದರೆ. ನಿದ್ದೆ ಬಾರದಾಗ ಒಂದೊಂದನ್ನೂ ನಡೆಸಿ ನೋಡುತ್ತೇನೆ. ಪ್ರತಿ ಸಲವೂ ಕೊನೆಯಲ್ಲಿ ಅವಳು ನನ್ನ ಮುಖ ನೋಡುತ್ತಾಳೆ, ಅಲ್ಲಿಗೆ ನಿಲ್ಲುತ್ತದೆ.

"ಸುಮ್ಮ ಕುಂಡ್ರಬ್ಯಾಡ್ರಿ ಬಾಯಾರ, ಏನರ ಹೇಳ್ರಿ" ಎಂದಳು ವೈನಿ. ದನಿ ತೆಳುವಾಗಿತ್ತು. "ಆ ಜಾಲಿಮೀನ ಬಸುರಿದ್ದಾಗ ಹೆಂಗ ಇರತೈತಿ, ಅದನ್ನ ಹೇಳ್ರಿ."

ಅವಳ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹೇಳತೊಡಗಿದೆ. ನನಗೆ ಗೊತ್ತಿದ್ದದ್ದು ಸ್ವಲ್ಪ, ಅದನ್ನೇ ನಿಧಾನವಾಗಿ ಹೇಳಿದೆ. ಕಡಲು ಮೇಲೆ ಎಷ್ಟು ಕುದಿದರೂ ಅದು ಇರುವ ಆಳಕ್ಕೆ ಅಲೆ ಮುಟ್ಟುವುದಿಲ್ಲ. ಅಲ್ಲಿ ಹಗಲೂ ಇಲ್ಲ, ಬಿಸಿಲೂ ಇಲ್ಲ, ಯಾವಾಗಲೂ ತಂಪು. ತಾಯಿ ಅವಸರ ಮಾಡುವುದಿಲ್ಲ, ಮೆಲ್ಲಗೆ ತಿರುಗುತ್ತಿರುತ್ತದೆ. ಹೊಟ್ಟೆಯಲ್ಲಿ ಒಂದೊಂದು ಕೂಸಿಗೂ ಒಂದೊಂದು ಚೀಲ. ಹುಟ್ಟುವತನಕ ಬೇಕಾದದ್ದೆಲ್ಲ ಆ ಚೀಲದಲ್ಲೇ ಇರುತ್ತದೆ. ಕೂಸು ತಾಯಿಯನ್ನು ಏನೂ ಕೇಳುವುದಿಲ್ಲ.

"ಬುತ್ತಿ ಕಟಗೊಂಡ ಬಂದಿರತಾವು ಅನ್ರಿ" ಎಂದಳು ಆಯಿ, ಬಾಗಿಲಿಂದ.

"ಹೂಂನ್ರಿ, ಬುತ್ತಿನ."

"ಎಲ್ಲಾ ಹೊಟ್ಟ್ಯಾಗನ ಉಂಡು ಮುಗಿಸಿ, ಕೈ ತೊಳಕೊಂಡು ಹೊರಗ ಬರತಾವ?" ವೈನಿ ಕೇಳಿದಳು.

"ಹೂಂ. ಮೈಮ್ಯಾಗ ಮುಳ್ಳ ಇರತಾವಲ್ಲ, ತಾಯಿಗೆ ಚುಚ್ಚಬಾರದು ಅಂತ ಒಳಗಿದ್ದಾಗ ಗುಳ್ಳಿ ಹಂಗ ಮೆತ್ತಗ ಇರತಾವು. ಹೊರಗ ಬಂದಮ್ಯಾಲ…"

ನನ್ನ ಅಂಗೈ ಕೆಳಗೆ ಏನೋ ತಿರುಗಿತು. ಮೊದಲು ಮೀನು ಮಗ್ಗಲು ಬದಲಿಸಿದ ಹಾಗೆ, ಆಮೇಲೆ ಒಂದು ಒದೆ. ಎರಡನೆಯ ಒದೆಗೆ ವೈನಿ "ಯವ್ವಾ!" ಎಂದು ಕೂಗಿದಳು. ಬಾಗಿಲಲ್ಲಿ ಆಯಿ ಹೊಸ್ತಿಲ ಮೇಲೇ ಕುಸಿದು ಕೂತು ನಕ್ಕಳು, ಅತ್ತಳು, ಎರಡೂ ಕೂಡಿ ಮಾಡಿದಳು. ಚಿಗವ್ವ ಹೊರಗೆ ಓಡಿ, "ಬಡಸ್ರಬೇ, ಜಲ್ದಿ ಬಡಸ್ರಿ, ಹೋಳಗಿ ಆರಾಕತ್ತಾವು!" ಎಂದು ಮನೆ ಹಾರಿಹೋಗುವ ಹಾಗೆ ಕೂಗಿದಳು.

ಎರಡು ತಿಂಗಳ ಮೇಲೆ ಹುಟ್ಟಿದ ಹುಡುಗಿ ಈಗ ತಾನೂ ಬಸಿರು, ಬಾಣಂತನ ಎಲ್ಲ ದಾಟಿದವಳು. ಭರಣಿಗೆ ಹೊಸ ಮೇಣ ಹಾಕಿ ಮರುದಿನ ಮುಂಡರಗಿಯ ಮಕ್ಕಳಿಗೆ ತೋರಿಸಿದೆ. ಅದೂ ಬಹಳ ವರ್ಷ ನಮ್ಮ ಶಾಲೆಯ ಕಪಾಟಿನಲ್ಲಿತ್ತು.

ಆ ದಿನ ವೈನಿಯನ್ನು ಮಲಗಿದಲ್ಲೇ ಎಬ್ಬಿಸಿ ಕೂಡಿಸಿ ಎಲೆ ಹಾಕಿದರು. ಅವಳು ಉಂಡಳು, ಮತ್ತೆ ಕೇಳಿ ಹಾಕಿಸಿಕೊಂಡಳು. ನನಗೂ ಪಕ್ಕದಲ್ಲೇ ಎಲೆ. ನಾನು ಬಲಗೈಯಿಂದ ಉಣ್ಣಲು ಹೋಗುತ್ತಿದ್ದೆ, ಎಡಗೈ ಅವಳ ಹೊಟ್ಟೆಯ ಮೇಲಿಂದ ಏಳುತ್ತಿರಲಿಲ್ಲ. ಮೂರನೆಯ ಹೋಳಿಗೆ ಮುರಿಯುತ್ತ ವೈನಿ ನನ್ನ ಕಡೆ ತಿರುಗಿದಳು.

"ಕೈ ತಗೀರಿ ಬಾಯಾರ. ಅದು ಸುಮ್ಮ ಒದಿಯಾಕತ್ತಿಲ್ಲ, ನಿಮ್ಮ ಕೈ ನಡಗೂದಕ್ಕ ಅದಕ್ಕ ನಿದ್ದಿ ಹತ್ತವಲ್ದು."